ಬ್ಯಾನಿ ಎಂದು ಯಾರೂ ಅನ್ನಲಿಲ್ಲ

ಹೊನವಾಡದ ಆ ಮನೆಯ ಸೊಸೆಯ ಹೊಟ್ಟೆಯ ಮೇಲೆ ನಾನು ಮೊದಲ ಸಲ ಕೈಯಿಟ್ಟದ್ದು ಅವಳಿಗೆ ಎಂಟು ತಿಂಗಳು ತುಂಬಿದಾಗ. ಬಲಪಕ್ಕೆಯ ಕಡೆ ಗುಂಡಗೆ, ಗಟ್ಟಿಯಾಗಿ ತಲೆ; ಎಡಕ್ಕೆ ಮೆತ್ತಗೆ ಕುಂಡಿ. ತಲೆ ಇಳಿದಿರಬೇಕಾದ ಕೆಳಗಿನ ಜಾಗ ಖಾಲಿ. ಕೂಸು ಅಡ್ಡ ಮಲಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ತಿಕೋಟಾದ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ನರ್ಸ್. ವಿಜಾಪುರ ಪೇಟೆಯಲ್ಲಿ ಬೆಳೆದವಳು, ತರಬೇತಿ ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ. ಪುಸ್ತಕದಲ್ಲಿದ್ದುದೆಲ್ಲ ನನಗೆ ಗೊತ್ತು ಎಂಬ ಹಮ್ಮು ಬೇರೆ. ಹಳ್ಳಿಯ ಹೆಂಗಸರು ನನ್ನನ್ನು ‘ನರ್ಸಬಾಯಿ’ ಎಂದು ಕರೆಯುತ್ತಿದ್ದರು. ಮುಂದೆ ಹೊನವಾಡದವರು ಆ ಹೆಸರಿಗೆ ಇನ್ನೊಂದನ್ನು ಸೇರಿಸಿದರು. ಅದನ್ನೂ ಹೇಳುತ್ತೇನೆ.

ಸೊಸೆಗೆ ಇದು ಎರಡನೆಯ ಬಸಿರು. ತಾಯಿ ಇಲ್ಲದ ಹುಡುಗಿ, ಹಾಗಾಗಿ ಚೊಚ್ಚಲ ಹೆರಿಗೆಯೂ ಅತ್ತೆಯ ಮನೆಯಲ್ಲೇ ಆಗಿತ್ತು. ನಾನು ಆ ಸೀಮೆಗೆ ಬರುವ ಮೊದಲಿನ ಮಾತು ಅದು. ಎರಡು ಹಗಲು, ಎರಡು ರಾತ್ರಿ ಬ್ಯಾನಿ, ಅಂದರೆ ಹೆರಿಗೆಯ ನೋವು, ತಿಂದು ಸತ್ತ ಕೂಸನ್ನು ಹೆತ್ತಿದ್ದಳು. ಆಗಲೂ ಅದು ಅಡ್ಡವೇ ಇತ್ತೆಂದು ಕಾಣುತ್ತದೆ. ಅವಳ ಕಟಿ ಕಿರಿದು.

ನಮ್ಮ ಕೇಂದ್ರದ ಡಾಕ್ಟರರು ಬಂದು ಹೊರಗಿನಿಂದಲೇ ಕೂಸನ್ನು ಮೆಲ್ಲಗೆ ತಿರುಗಿಸಿ ತಲೆ ಕೆಳಗೆ ಮಾಡಿದರು. ವಾರದೊಳಗೆ ಅದು ಮತ್ತೆ ಅಡ್ಡ. ಇನ್ನೊಮ್ಮೆ ತಿರುಗಿಸಿದರು, ಇನ್ನೊಮ್ಮೆ ಅಡ್ಡ. ಕೈ ತೊಳೆದುಕೊಳ್ಳುತ್ತ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: “ಬ್ಯಾನಿ ಸುರುವಾದ ಕೂಡಲೇ ವಿಜಾಪುರದ ದೊಡ್ಡ ದವಾಖಾನೆ ಮುಟ್ಟಬೇಕು. ನೀರು ಹೋಗೂದರೊಳಗ. ನೀರು ಹೋಗಿ ಕೂಸಿನ ಕೈಯೋ ಹೊಕ್ಕಳಬಳ್ಳಿಯೋ ಕೆಳಗೆ ಬಂತಂದ್ರ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ. ನೀವು ಒಳಗ ಕೈ ಹಾಕಿ ನೋಡಾಕ ಹೋಗಬ್ಯಾಡ್ರಿ, ನೀರಿನ ಚೀಲ ಒಡದೀತು.”

ಅಂದರೆ ಬ್ಯಾನಿಯ ಮೊದಲ ಸುಳಿವು ಸಿಕ್ಕಾಗಲೇ ಹೊರಡಬೇಕು. ಸಿಗುವುದು ಯಾರಿಂದ? ಮನೆಯವರಿಂದ. ನಾನು ಅತ್ತೆಯನ್ನು ಕೂರಿಸಿಕೊಂಡು ಪಾಠ ಹೇಳಿದ ಹಾಗೆ ಹೇಳಿದೆ: ನಡುವಿನಿಂದ ಹೊಟ್ಟೆಗೆ ನೋವು ಬಂದರೆ, ಕೆಂಪು ಲೋಳೆ ಕಂಡರೆ, ನೀರು ಹನಿಸಿದರೆ ತಕ್ಷಣ ಆಳು ಕಳಿಸಿ. ಅತ್ತೆಯೋ, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮನೆ ನಡೆಸಿದ ಗಟ್ಟಿಗಿತ್ತಿ. ಎಲ್ಲಕ್ಕೂ ಹೂಂ ಎಂದಳು. ದಿನದ ಲೆಕ್ಕ ಕೇಳಿದಾಗ ಮಾತ್ರ ನನಗೇ ಪಾಠ ಹೇಳಿದಳು. “ಯುಗಾದಿ ಮುಂದ ಮುಟ್ಟಾಗಿ ತಲಿ ಮ್ಯಾಲ ನೀರ ಹಾಕ್ಕೊಂಡಾಳ. ಒಂಬತ್ತ ತಿಂಗಳ ಒಂಬತ್ತ ದಿನ ಅಂದ್ರ ಎಳ್ಳಾಮಾಸಿ ದಾಟತೈತಿ ನರ್ಸಬಾಯಿ. ಅವಸರ ಮಾಡಬ್ಯಾಡ.”

ಅವಸರ ಮಾಡಿದವಳು ನಾನೇ. ಎಳ್ಳ ಅಮಾವಾಸ್ಯೆಗೆ ಇನ್ನೂ ಎರಡು ವಾರವಿದ್ದಾಗ ಸೊಸೆಯ ಗಂಡ ತಾಯಿಗೆ ಹೇಳದೆ ಸೈಕಲ್ ತುಳಿದುಕೊಂಡು ತಿಕೋಟಾಕ್ಕೆ ಬಂದ. ಹೆಂಡತಿಯ ಹೊಟ್ಟೆ ಬಿಗಿಯುತ್ತಿದೆ ಎಂದ. ನಾನು ಹೋಗಿ ಮುಟ್ಟಿದೆ, ನಿಜವಾಗಿಯೂ ಬಿಗಿಯುತ್ತಿತ್ತು. ನೋವು ಎಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಕೂತು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಓಣಿಯ ತುಂಬ ಗದ್ದಲವೆಬ್ಬಿಸಿ ಚಕ್ಕಡಿ ಕಟ್ಟಿಸಿದೆ, ಅತ್ತೆ ಸೊಸೆ ಇಬ್ಬರನ್ನೂ ಬಸ್ಸು ಹತ್ತಿಸಿದೆ. ವಿಜಾಪುರ ಮುಟ್ಟುವುದರೊಳಗೆ ಹೊಟ್ಟೆ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು.

ದವಾಖಾನೆಯ ಡಾಕ್ಟರಬಾಯಿ ನನ್ನನ್ನು ಬದಿಗೆ ಕರೆದರು. “ಬಿಗಿತಾನೆಲ್ಲ ಬ್ಯಾನಿ ಅಂತ ತಿಳೀಬ್ಯಾಡ್ರಿ ಸಿಸ್ಟರ್. ಸುಳ್ಳ ಬ್ಯಾನಿ ಬರೇ ಮುಂದ ಹಿಡೀತದ, ಎದ್ದು ಅಡ್ಡಾಡಿದ್ರ ಹೋಗ್ತದ. ಖರೆ ಬ್ಯಾನಿ ನಡುವಿನ್ಯಾಗ ಹುಟ್ಟಿ ಮುಂದ ಬರ್ತದ, ಏನ ಮಾಡಿದ್ರೂ ಹೋಗೂದಿಲ್ಲ. ಹೊತ್ತು ಕಳದಂಗ ಎರಡು ನೋವಿನ ನಡುವಿನ ಬಿಡುವು ಕಮ್ಮಿ ಆಗ್ತದ. ಗಡಿಯಾರ ಎದಿ ಮ್ಯಾಲೆ ಸಿಗಿಸಿಕೊಂಡೀರಲ್ಲ, ಅದು ಅದಕ್ಕ.” ಆಮೇಲೆ ಸೊಸೆಯನ್ನು ಹೆರಿಗೆಯ ತನಕ ಅಲ್ಲೇ ಬಿಡಿರೆಂದರು. ಅತ್ತೆ ಒಪ್ಪಲಿಲ್ಲ. “ಬ್ಯಾನಿ ಇಲ್ಲದಾಕಿ ದವಾಖಾನ್ಯಾಗ ಮಲಗಿ ಏನ ಮಾಡತಾಳ?” ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿಯೇಬಿಟ್ಟಳು.

ಊರಿಗೆ ಮರಳಿದಾಗ ಬಸ್ಸಿನ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಅಂದಿನಿಂದ ನಾನು ಹೊನವಾಡದಲ್ಲಿ ‘ಸುಳ್ಳ ಬ್ಯಾನಿ ನರ್ಸಬಾಯಿ’. ಅವರ ನಗುವನ್ನು ಹೇಗೋ ಸಹಿಸಿಕೊಂಡೇನು. ಅತ್ತೆ ನಕ್ಕಿರಲಿಲ್ಲ, ಅದು ನನ್ನನ್ನು ಹೆದರಿಸಿತು. “ಇನ್ನ ನಮ್ಮ ಮನಿಗೆ ಬರಬ್ಯಾಡವಾ. ಊರಿಗೆಲ್ಲಾ ಡಂಗುರಾ ಹೊಡದಿ,” ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಂಡಳು. ಊರಿಗೆ ಗೊತ್ತಾದದ್ದು ಅವಳಿಗೇಕೆ ಅಷ್ಟು ಚುಚ್ಚಿತೆಂದು ನನಗೆ ಆಗ ತಿಳಿಯಲಿಲ್ಲ.

ಮುಂದಿನ ಎರಡು ವಾರ ನಾನು ನೆಟ್ಟಗೆ ಉಣ್ಣಲಿಲ್ಲ. ಕೇಂದ್ರದ ಮುಂದೆ ಸೈಕಲ್ ನಿಂತರೆ ಎದ್ದು ನಿಲ್ಲುತ್ತಿದ್ದೆ. ಯಾರೂ ಬರಲಿಲ್ಲ. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ತಡೆಯಲಾರದೆ ಹೊನವಾಡದ ಬಸ್ಸು ಹತ್ತಿದೆ. ಅದೇ ಓಣಿಯಲ್ಲಿ ಒಬ್ಬ ಬಾಣಂತಿಯಿದ್ದಳು, ಅವಳನ್ನು ನೋಡುವ ನೆಪ.

ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಮರುದಿನ ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಅಡುಗೆಯ ಚರಗ ಚೆಲ್ಲಿ ಅಲ್ಲೇ ಕೂತು ಉಣ್ಣುವ ಹಬ್ಬ. ಅದಕ್ಕಾಗಿ ಬುಟ್ಟಿಗಟ್ಟಲೆ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ ಆಗಬೇಕು. ನೆರೆಯ ಹೆಂಗಸರು ಒಬ್ಬರ ಮನೆಯದು ಮುಗಿಸಿ ಇನ್ನೊಬ್ಬರ ಮನೆಗೆ ಹೋಗುತ್ತಾರೆ, ಪ್ರತಿ ಮನೆಯಲ್ಲೂ ನಾಲ್ಕೈದು ಜನರ ಮಾತು, ನಗು. ಈ ಮನೆಯ ಬಾಗಿಲು ಮಾತ್ರ ಅರ್ಧ ಮುಚ್ಚಿತ್ತು. ಒಳಗೆ ಒಂದೇ ಜೊತೆ ಕೈಯ ಸಪ್ಪಳ. ಪಕ್ಕದ ಮನೆಯವಳು ಬಾಣಂತಿಯ ಹತ್ತಿರ ಗೊಣಗುತ್ತಿದ್ದಳು: “ವರ್ಷಾ ನಾವ ಹೋಗಿ ಬಡದ ಕೊಡತಿದ್ವಿ. ಈ ಸಲ ಯಾರೂ ಬರಬ್ಯಾಡ್ರಿ ಅಂದಾಳ. ಏನ ಸೊಕ್ಕ ಬಂದೈತೋ ಮುದಿಕಿಗೆ.”

ಸೊಕ್ಕಲ್ಲ ಅನ್ನಿಸಿತು. ಬೈದರೆ ಬೈಯಲಿ ಎಂದು ಒಳಗೆ ಹೋದೆ. ಅತ್ತೆ ಬೈಯಲಿಲ್ಲ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟು ನನಗೂ ಅಡುಗೆಮನೆಗೂ ನಡುವೆ ತಾನು ಕೂತಳು. “ಮಗ ಹೊಲಕ್ಕ ಹೋಗ್ಯಾನ. ಸೊಸಿ ಆರಾಮ ಅದಾಳ. ರೊಟ್ಟಿ ಬಡ್ಯಾಕತ್ತಾಳ, ಕೇಳಸೂದಿಲ್ಲೇನ?”

ಕೇಳುತ್ತಿತ್ತು. ಕಲ್ಲಿನ ಮೇಲೆ ಹಸಿ ರೊಟ್ಟಿ ಬಡಿಯುವ ಸಪ್ಪಳ ಮೊದಲು ದಪ್ಪಗಿದ್ದು, ರೊಟ್ಟಿ ತೆಳುವಾದಂತೆ ಚುರುಕಾಗಿ, ಆಮೇಲೆ ನಿಲ್ಲುತ್ತದೆ. ರೊಟ್ಟಿ ಹಂಚಿಗೆ ಬಿತ್ತು ಎಂದರ್ಥ. ನನ್ನ ಅವ್ವನ ಮಗ್ಗುಲಲ್ಲಿ ಕೂತು ಕೇಳಿ ಬೆಳೆದ ಸಪ್ಪಳ ಅದು. ಇಲ್ಲಿ ಮೂರು ರೊಟ್ಟಿ ಸರಿಯಾಗಿ ಆದವು. ನಾಲ್ಕನೆಯದು ದಪ್ಪ ಸಪ್ಪಳದಲ್ಲೇ ಗಕ್ಕನೆ ನಿಂತಿತು. ಬಳೆಯ ದನಿಯೂ ಇಲ್ಲ. ಹಂಚಿನ ಮೇಲಿದ್ದುದು ಸೀಯುವ ವಾಸನೆ ಬಂತು. ಅತ್ತೆ ಕೂಡಲೇ ಜೋರಾಗಿ ನನ್ನ ಅವ್ವನ ಆರೋಗ್ಯ ವಿಚಾರಿಸಿದಳು. ಮತ್ತೆ ಸಪ್ಪಳ ಶುರುವಾಯಿತು.

ನಾನು ಎದೆಯ ಮೇಲಿನ ಗಡಿಯಾರ ನೋಡಿಕೊಂಡೆ. ಚಹಾ ಆರಿತು. ಒಂಬತ್ತು ನಿಮಿಷಕ್ಕೆ ಮತ್ತೆ ಅರ್ಧದಲ್ಲಿ ನಿಂತಿತು. ಅದಾದ ಮೇಲೆ ಎಂಟಕ್ಕೆ. ಮತ್ತೆ ಎಂಟಕ್ಕೆ. ಆದರೂ ಏಳಲಿಲ್ಲ, ಒಮ್ಮೆ ಅವಸರ ಮಾಡಿ ಮೂರ್ಖಳಾಗಿದ್ದೆನಲ್ಲ. ಅತ್ತೆ ದನಕ್ಕೆ ನೀರಿಡಲು ಹಿತ್ತಲಿಗೆ ಎದ್ದು ಹೋದಾಗ ಪಡಸಾಲೆಯಲ್ಲಿ ಆರಲಿಟ್ಟಿದ್ದ ಬುಟ್ಟಿಯ ಬಟ್ಟೆ ಸರಿಸಿದೆ. ಮೇಲಿನ ರೊಟ್ಟಿಗಳು ಹಾಳೆಯಂತೆ ತೆಳುವಾಗಿ, ದುಂಡಗಿದ್ದವು. ಅವುಗಳ ಕೆಳಗೆ ಕೈ ಹಾಕಿದೆ. ಅಂಚೆಲ್ಲ ಸೀಳಿದ್ದ, ನಡುವೆ ದಪ್ಪ ಉಳಿದ, ಒಂದು ಕಡೆ ಸೀದ ರೊಟ್ಟಿಗಳು. ಅರ್ಧ ಬಡಿದು ಕೈಬಿಟ್ಟರೆ ಹಿಟ್ಟು ಆರಿ ಅಂಚು ಹೀಗೆ ಸೀಳುತ್ತದೆ. ಇಷ್ಟು ಒಳ್ಳೆಯ ಕೈ ಹೀಗೆ ಮತ್ತೆ ಮತ್ತೆ ನಿಂತದ್ದೇಕೆ? ಆ ರೊಟ್ಟಿಗಳನ್ನು ಕೆಳಗೆ ಹುಗಿದಿಟ್ಟವರು ಯಾರು? ಅತ್ತೆಗೆ ನಸುಕಿನಿಂದಲೇ ಎಲ್ಲ ಗೊತ್ತಿತ್ತು.

ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಸೊಸೆ ಹಿಟ್ಟಿನ ಕೈಯಲ್ಲೇ ಗೋಡೆಗೆ ಆತು ಕಣ್ಣು ಮುಚ್ಚಿದ್ದಳು. ಸೀರೆಯ ಮೇಲಿಂದಲೇ ಕೈಯಿಟ್ಟೆ. ಹೊಟ್ಟೆ ಕಲ್ಲಾಗಿತ್ತು, ಕೂಸು ಅಡ್ಡವೇ ಇತ್ತು. ನೋವು ಇಳಿಯುವ ತನಕ ಕಾದು ಕೇಳಿದೆ:

“ಯಾವಾಗಿಂದ ಬೇ?”

“ಏನಿಲ್ರಿ.”

“ನಡುವಿನ್ಯಾಗಿಂದ ಬರಾಕತ್ತೈತಲ್ಲ, ಅದು.”

ಅವಳು ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: “ಕೋಳಿ ಕೂಗೂ ಮುಂದಿನಿಂದ. ಕೆಂಪ ಕಂಡೈತ್ರಿ. ಯಾರಿಗೂ ಅನಬ್ಯಾಡ್ರಿ, ನಿಮ್ಮ ಕಾಲ ಬೀಳತೀನಿ. ಎಷ್ಟ ಮಂದಿಗೆ ಗೊತ್ತಾಕ್ಕೈತಿ ಅಷ್ಟ ತಡಾ ಆಕ್ಕೈತಿ. ಹ್ವಾದ ಸಲ ತಾಳಲಾರದ ಒದರಿಬಿಟ್ಟೆ. ಊರಿಗೆಲ್ಲಾ ಗೊತ್ತಾತು. ಅದಕ್ಕ ಕೂಸು ಹೋತು ಅಂತಾರ ನಮ್ಮತ್ತಿ. ಎರಡ ವರ್ಷಾತು, ದಿನಾ ಅಂತಾರ. ಈ ಸಲ ನಾ ಬಾಯಿ ಬಿಡೂದಿಲ್ರಿ, ಸತ್ತರೂ.”

ಆಗ ನನಗೆ ಎಲ್ಲ ಹೊಳೆಯಿತು. ಬ್ಯಾನಿ ಬಂದದ್ದನ್ನು ಮುಚ್ಚಿಡುವ ಈ ನಂಬಿಕೆ ಆ ಕಡೆ ಮನೆಮನೆಯಲ್ಲಿತ್ತು. ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ಸುಳಿವು ಕಂಡರೆ ಆಳು ಕಳಿಸಿ ಎಂದು ನಾನು ಹೇಳಿಬಂದದ್ದು ಎಂಥವರಿಗೆ! ಆಳು ಬಂದರೆ ದಾರಿಯುದ್ದಕ್ಕೂ ಹತ್ತು ಮಂದಿಗೆ ಗೊತ್ತಾಗಬೇಕು. ಅದರ ಮೇಲೆ ಓಣಿಯನ್ನೇ ಕೂಡಿಸಿ ಗದ್ದಲ ಮಾಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ಹುಡುಗಿಯನ್ನು ಹಾಗೆ ನಂಬಿಸಿದ ಅತ್ತೆಯ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಕನಮಡಿಯಿಂದ ವಿಜಾಪುರಕ್ಕೆ ಹೋಗುವ ಬಸ್ಸು ಹೊನವಾಡಕ್ಕೆ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಅದು ತಪ್ಪಿದರೆ ಮುಂದಿನದು ಸಂಜೆಗೆ. ಮುಕ್ಕಾಲು ಗಂಟೆ ಉಳಿದಿತ್ತು. ಹೋಗಿ ಜಗಳಾಡಬೇಕು, ಅದು ಸುಳ್ಳು ನಂಬಿಕೆ ಎಂದು ತಿಳಿಹೇಳಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಆದರೆ ಜಗಳದಲ್ಲಿ ಆ ಮುದುಕಿಯನ್ನು ಗೆಲ್ಲಲು ಮುಕ್ಕಾಲು ಗಂಟೆ ಸಾಲದು, ಬಾಗಿಲು ಹಾಕಿಬಿಟ್ಟರೆ ಮುಗಿಯಿತು. ಸೊಸೆಯ ಕೈ ಹಿಡಿದು ಮಾತು ಕೊಟ್ಟೆ: “ನನ್ನ ಬಾಯಿಂದ ಯಾರಿಗೂ ಹೋಗೂದಿಲ್ಲ.” ಹಿತ್ತಲಿಗೆ ಹೋದೆ. ಅತ್ತೆ ಎಮ್ಮೆಯ ಮುಂದೆ ನಿಂತಿದ್ದಳು.

“ಆಯಿ, ನಾ ಮಧ್ಯಾಹ್ನದ ಬಸ್ಸಿಗೆ ವಿಜಾಪುರಕ್ಕ ಹೊಂಟೀನಿ. ಸೊಸೀನ ಕಳಸ್ರಿ, ಹಬ್ಬಕ್ಕ ಹೊಸಾ ಬಳಿ ಇಡಿಸಿಕೊಂಡ ಬರ್ತಾಳ.”

ಅತ್ತೆ ನನ್ನ ಮುಖವನ್ನೇ ನೋಡಿದಳು. “ಬಳಿಗಾರ ಊರಾಗ ಬರ್ತಾನ.”

“ಅವನ ಕಡೆ ಇಕಿ ಕೈಗೆ ಹೊಂದೂ ಬಳಿ ಇಲ್ರಿ. ದೊಡ್ಡ ಅಂಗಡಿಗೇ ಹೋಗಬೇಕು.”

“ನಾಳೆ ಹೋದ್ರ?”

“ಅಷ್ಟೊತ್ತಿಗೆ ಅಂಗಡಿ ಬಾಗಲಾ ಹಾಕಿರತಾರ, ಆಯಿ. ಆಮ್ಯಾಲ ಎಷ್ಟ ಬಡದ್ರೂ ತೆಗಿಯೂದಿಲ್ಲ.”

ಅವಳ ಕೈಯಲ್ಲಿದ್ದ ಕೊಡದಿಂದ ನೀರು ಕಾಲ ಮೇಲೆ ಚೆಲ್ಲುತ್ತಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ. ಕೊನೆಗೆ ಕೊಡ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡಳು. “ನಾನೂ ಬರ್ತೀನಿ. ಬಳಿ ಆರಸಾಕ ಅಕಿಗೆ ತಿಳಿಯೂದಿಲ್ಲ.”

ಬಸ್ಸಿನ ಕಟ್ಟೆಗೆ ಹತ್ತು ನಿಮಿಷದ ದಾರಿ. ಚಕ್ಕಡಿ ಕಟ್ಟಿಸಿದರೆ ಊರೇ ಕೇಳುತ್ತದೆ, ಆದ್ದರಿಂದ ನಡೆದೇ ಹೋಗಬೇಕಾಯಿತು. ಪ್ರತಿ ಹೆಜ್ಜೆಗೂ ನೀರಿನ ಚೀಲ ಒಡೆದರೆ ಎಂಬ ಒಂದೇ ಭಯ. ನೋವು ಬಂದಾಗ ನಾನು ಚಪ್ಪಲಿಯ ಮುಳ್ಳು ತೆಗೆಯುವವಳಂತೆ ಬಗ್ಗುತ್ತಿದ್ದೆ, ಸೊಸೆ ನನ್ನ ಹೆಗಲ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದಳು, ಅತ್ತೆ ಎದುರು ಬಂದವರಿಗೆ ಬಳೆಯ ಬಣ್ಣ ಹೇಳುತ್ತಿದ್ದಳು. ಮೂವರೂ ಪಕ್ಕಾ ಕಳ್ಳರಾಗಿದ್ದೆವು.

ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿದೆ. ನಡು ಎತ್ತರಕ್ಕಿರಲೆಂದು ಬಟ್ಟೆಯ ಗಂಟನ್ನು ಸೊಂಟದ ಕೆಳಗಿಟ್ಟು, ಕಾಲುಗಳನ್ನು ನನ್ನ ಚೀಲದ ಮೇಲೇರಿಸಿದೆ. ಕಂಡಕ್ಟರ್ ಬಂದ. “ಏನಾಗೈತ್ರಿ ಇವರಿಗೆ?”

“ಹಲ್ಲ ನೋವು,” ಎಂದಳು ಅತ್ತೆ, ಕಣ್ಣು ಮಿಟುಕಿಸದೆ.

“ಹಲ್ಲ ನೋವಿಗೆ ಕಾಲ ಯಾಕ ಮ್ಯಾಲ ಇಟ್ಟಾರ?”

“ಕಾಲತನಾ ಇಳದೈತಿ. ನಿನಗ್ಯಾಕ ಬೇಕಪ್ಪಾ, ಟಿಕೆಟ್ ಹರಿ.”

ಬಸ್ಸಿನವರೆಲ್ಲ ಹಲ್ಲುನೋವಿನ ವೈದ್ಯರಾದರು. ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ಲವಂಗ ಕೊಟ್ಟ. ಒಬ್ಬಳು ತಂಬಾಕಿನ ಪುಡಿ ಹಿಡಿದು ಬಂದು “ದವಡಿಗೆ ಒತ್ತಿ ಹಿಡಿ ತಂಗಿ” ಎಂದಳು. ಸೊಸೆ ಲವಂಗ ಕಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳೇ ಹೊರತು ದನಿ ಹೊರಡಿಸಲಿಲ್ಲ. ನಾನು ನಗಬೇಕಿತ್ತು, ನಗೆ ಬರಲಿಲ್ಲ. ನೋವು ಆರು ನಿಮಿಷಕ್ಕೆ ಬಂದಿತ್ತು, ತಿಕೋಟಾ ಹತ್ತಿರವಾಗುತ್ತಿದ್ದಂತೆ ಐದಕ್ಕೆ.

ತಿಕೋಟಾದಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಹೋದ. ಟಪಾಲಿನ ಚೀಲ ಬರಬೇಕು, ಅರ್ಧ ಗಂಟೆಯಾಗಬಹುದು ಎಂದು ಕಂಡಕ್ಟರ್ ಬೀಡಿ ಹಚ್ಚಿದ. ನಾನು ಓಡಿ ಕೇಂದ್ರಕ್ಕೆ ಹೋದೆ. ಡಾಕ್ಟರರೂ ಜೀಪೂ ಬಬಲೇಶ್ವರಕ್ಕೆ ಹೋಗಿದ್ದರು, ಸಂಜೆಗೆ ಬರುತ್ತಾರಂತೆ. ಮತ್ತೆ ಓಡಿ ಬಂದಾಗ ಸೊಸೆಯ ಮುಖ ಬೆಳ್ಳಗಾಗಿತ್ತು. ಎರಡು ನೋವಿನ ನಡುವೆ ನಾಲ್ಕೇ ನಿಮಿಷ.

“ಆಯಿ,” ಎಂದೆ ಕಿವಿಯಲ್ಲಿ, “ನಾ ಮಾತ ಕೊಟ್ಟೀನಿ, ಬಾಯಿ ಬಿಡೂದಿಲ್ಲ. ಆದ್ರ ಈ ಬಸ್ಸು ಇಲ್ಲೇ ನಿಂತ್ರ ನಿಮ್ಮ ಸೊಸಿ ಉಳಿಯೂದಿಲ್ಲ. ಕೂಸಷ್ಟ ಅಲ್ಲ, ಅಕೀನೂ.”

ನಿಜ ಹೇಳಬೇಕೆಂದರೆ, ಇನ್ನೊಂದು ನೋವು ಬಂದರೆ ಮಾತು ಮುರಿಯಬೇಕೆಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ಹುಡುಗಿ ನನ್ನನ್ನು ಜನ್ಮವಿಡೀ ಕ್ಷಮಿಸದಿದ್ದರೂ ಸರಿ. ಆ ನೋವು ಬಂತು. ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಿದ್ದಳು. ಸೀಟಿನ ಕಂಬಿ ಹಿಡಿದುಕೊಂಡು ಕೂಗಿದಳು:

“ಯಪ್ಪಾ, ಹಲ್ಲ ಅಲ್ಲೋ! ನನ್ನ ಸೊಸಿಗೆ ಬ್ಯಾನಿ ಬಂದಾವ! ಕೂಸ ಅಡ್ಡ ಐತಿ! ಬಸ್ ಬಿಡ್ರೋ ಯಪ್ಪಾ, ಬಸ್ ಬಿಡ್ರಿ!”

ಪಟಗದ ಮುದುಕ ಕಿಟಕಿಯಿಂದ ತಲೆ ಹಾಕಿ ಡ್ರೈವರನನ್ನು ಕೂಗಿದ ಕೂಗು ತಿಕೋಟಾದ ಪೇಟೆಯನ್ನೆಲ್ಲ ಮುಟ್ಟಿರಬೇಕು. ಕಂಡಕ್ಟರ್ ಬೀಡಿ ಎಸೆದ. ಟಪಾಲಿನ ಚೀಲ ಅಲ್ಲೇ ಉಳಿಯಿತು. ದಾರಿಯಲ್ಲಿ ಕೈ ಮಾಡಿದ ಯಾರಿಗೂ ಬಸ್ಸು ನಿಲ್ಲಲಿಲ್ಲ, ನಿಲ್ದಾಣಕ್ಕೂ ಹೋಗದೆ ನೇರ ದವಾಖಾನೆಯ ಬಾಗಿಲಿಗೇ ಬಂತು. ಇಳಿಸಿಕೊಳ್ಳಲು ಎಂಟು ಕೈ ಮುಂದಾದವು. ಡಾಕ್ಟರಬಾಯಿ ಹೊಟ್ಟೆ ಮುಟ್ಟಿದರು, ನನ್ನತ್ತ ನೋಡಿ ‘ಹೌದು, ಖರೆ ಬ್ಯಾನಿ’ ಎಂಬಂತೆ ತಲೆಯಾಡಿಸಿದರು. ಆಪರೇಷನ್ ಕೋಣೆಯ ಬಾಗಿಲು ದಾಟುವಾಗ ನೀರು ಹೋಯಿತು. ನೆಲದ ಮೇಲೆ ಬಿದ್ದ ಸದ್ದು ನನಗೆ ಕೇಳಿಸಿತು.

ನಾವಿಬ್ಬರು ಹೊರಗಿನ ಪಡಸಾಲೆಯಲ್ಲಿ ಕೂತೆವು. ಅತ್ತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದಳು. “ಬಸ್ ತುಂಬ ಮಂದಿ ಇದ್ರು,” ಎಂದಳು. “ಎಲ್ಲಾರಿಗೂ ಗೊತ್ತಾತು. ನಾನ ಒದರಿದೆ. ನನ್ನ ಬಾಯಿಗೆ ಮಣ್ಣ ಹಾಕ. ಈಗ ಎಷ್ಟ ದಿನಾ ಹಿಡೀತೈತೋ.” ನನಗೂ ಒಳಗಿನದೇ ಚಿಂತೆಯಾಗಿತ್ತು. ಗಡಿಯಾರ ನೋಡುತ್ತ, ನೋಡಬಾರದೆಂದು ಕಣ್ಣು ತೆಗೆಯುತ್ತ ಕೂತಿದ್ದೆ.

ಒಂದು ಗಂಟೆ ತುಂಬಿರಲಿಲ್ಲ, ಕೂಸು ಅತ್ತಿತು. ನರ್ಸೊಬ್ಬಳು ಬಾಗಿಲು ತೆರೆದು ಹೆಣ್ಣುಕೂಸು, ತಾಯಿಗೂ ಅಪಾಯವಿಲ್ಲ ಎಂದಳು. ನನಗೆ ಅಳು ಒತ್ತರಿಸಿ ಬಂತು, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಮುದುಕಿ ಅಳಲಿಲ್ಲ. ನನ್ನ ತೋಳು ಹಿಡಿದು ಜಗ್ಗಿದಳು.

“ಅಷ್ಟ ಮಂದಿಗೆ ಗೊತ್ತಾದ್ರೂ ಇಷ್ಟ ಲಗೂನ ಆತೇನ?”

“ಹೌದು ಆಯಿ.”

“ಹಂಗಾದ್ರ ಹ್ವಾದ ಸಲ... ಅಕಿ ಒದರಿದ್ದಕ್ಕ ಅಲ್ಲ?”

“ಅಲ್ಲ. ಆ ಕೂಸೂ ಅಡ್ಡ ಇತ್ತು. ಅಕಿ ಒದರಿದ್ರೂ ಅಷ್ಟ, ಸುಮ್ಮ ಇದ್ರೂ ಅಷ್ಟ.”

ಮೊಮ್ಮಗಳನ್ನು ತಂದು ತೋರಿಸಿದಾಗ ಮುದುಕಿ ಒಂದು ಸಲ ನೋಡಿ ನನ್ನ ಕೈಗೆ ಕೊಡಿಸಿದಳು. ಸೊಸೆಯನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಮಂಚದ ಪಕ್ಕ ನಿಂತುಬಿಟ್ಟಳು. ಸ್ಟೂಲು ಕೊಟ್ಟರೆ ಕೂರಲಿಲ್ಲ. ಸಂಜೆಯ ಹೊತ್ತಿಗೆ ಹುಡುಗಿ ಮತ್ತಿನಿಂದ ಅರೆಗಣ್ಣು ತೆರೆದಳು. ಅತ್ತೆ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಅಂದಳು. ಹುಡುಗಿಗೆ ತಿಳಿಯಲಿಲ್ಲ, ಮಂಕಾಗಿ ನೋಡಿದಳು. ಆಗ ಮುದುಕಿ ನೆಟ್ಟಗೆ ನಿಂತು, ವಾರ್ಡಿನ ಮಂದಿಯೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

“ನಿನ್ನ ತಪ್ಪ ಇರಲಿಲ್ಲ ಬೇ. ಹ್ವಾದ ಸಲಾನೂ ನಿನ್ನ ತಪ್ಪ ಇರಲಿಲ್ಲ.”